ಮೂಸಿ ನದಿ ಕಲಿಸಿದ ಪಾಠ: ಹೈದರಾಬಾದಿನ ನಗರಾಡಳಿತ ಮತ್ತು ಜನರ ಆರೋಗ್ಯ

ರಾಯಚೂರು, ಯಾದಗಿರಿ, ಕಲಬುರಗಿ, ಬೀದರ್ ಕಡೆಯ ಮನೆಗಳಲ್ಲಿ ಯಾರಿಗಾದರೂ ಕಾಯಿಲೆ ಜೋರಾದರೆ ಹಿರಿಯರು ಇವತ್ತಿಗೂ ಹೇಳುವ ಮಾತು ಒಂದೇ: "ಹೈದರಾಬಾದಿಗೆ ಕರ್ಕೊಂಡು ಹೋಗ್ರಿ." ಹಾಗೆ ಕರೆತಂದವರಲ್ಲಿ ಬಡವರೇ ಹೆಚ್ಚು. ಅವರು ಬಂದು ನಿಲ್ಲುವುದು ಅಫ್ಜಲ್‌ಗಂಜ್‌ನ ಉಸ್ಮಾನಿಯಾ ದವಾಖಾನೆಯ ಅಂಗಳದಲ್ಲಿ. ಅಲ್ಲಿ ಔಷಧಿ ಚೀಟಿ ಹಿಡಿದು ಓಡಾಡುವ ಜನರ ನಡುವೆ ತೆಲುಗು, ದಖನಿ ಉರ್ದು, ಮರಾಠಿಯ ಜೊತೆಗೆ ನಮ್ಮ ಕನ್ನಡವೂ ಕಿವಿಗೆ ಬೀಳುತ್ತದೆ. ಆದರೆ ಆ ಅಂಗಳದಲ್ಲೇ ಇರುವ ಒಂದು ಹಳೆಯ ಹುಣಸೆ ಮರವನ್ನು ನಿಂತು ನೋಡುವವರು ಕಡಿಮೆ. 1908ರ ಸೆಪ್ಟೆಂಬರ್‌ನಲ್ಲಿ ಮೂಸಿ ನದಿ ಊರಿಗೆ ನುಗ್ಗಿದಾಗ ಸುಮಾರು 150 ಜನ ಈ ಮರ ಹತ್ತಿ ಜೀವ ಉಳಿಸಿಕೊಂಡರು. ಸುತ್ತಮುತ್ತ ಸಾವಿರಾರು ಜನ ಕೊಚ್ಚಿಹೋದರು.

ಆ ಮರ, ಅದರ ಬೆನ್ನಿಗಿರುವ ದವಾಖಾನೆ, ಊರ ಹೊರಗಿನ ಎರಡು ದೊಡ್ಡ ಕೆರೆಗಳು, ಪತ್ತರ್‌ಗಟ್ಟಿಯ ಅಗಲವಾದ ರಸ್ತೆ, ನೆಲದಡಿಯ ಕೊಳಚೆ ಕಾಲುವೆ. ಇವೆಲ್ಲ ಬೇರೆಬೇರೆ ಸಂಗತಿಗಳಂತೆ ಕಾಣುತ್ತವೆ. ನಿಜವಾಗಿ ಇವೆಲ್ಲ ಒಂದೇ ಕಥೆಯ ತುಂಡುಗಳು. ಒಂದು ನಗರದ ಆಡಳಿತ ತನ್ನ ಜನರ ಆರೋಗ್ಯ ತನ್ನದೇ ಜವಾಬ್ದಾರಿ ಎಂದು ಹೇಗೆ ಕಲಿಯಿತು, ಕಲಿತದ್ದನ್ನು ಆಮೇಲೆ ಹೇಗೆ ಮರೆಯಿತು ಎಂಬುದೇ ಆ ಕಥೆ.

ಪ್ರವಾಹಕ್ಕೆ ಮುಂಚಿನ ಊರು

1591ರಲ್ಲಿ ಮಹಮ್ಮದ್ ಕುಲಿ ಕುತುಬ್ ಷಾ ಮೂಸಿಯ ದಕ್ಷಿಣ ದಂಡೆಯ ಮೇಲೆ ಹೈದರಾಬಾದ್ ಕಟ್ಟಿದಾಗ ನೀರಿಗೆ ಬರವಿರಲಿಲ್ಲ. ಅದಕ್ಕೂ ಮೊದಲೇ, ಇಬ್ರಾಹಿಂ ಕುತುಬ್ ಷಾನ ಕಾಲದಲ್ಲಿ, ಹುಸೇನ್ ಸಾಗರ್ ತಯಾರಾಗಿತ್ತು. ದಖನ್ನಿನ ಅರಸರಿಗೆ ನೀರಿನ ಬೆಲೆ ಚೆನ್ನಾಗಿ ಗೊತ್ತಿತ್ತು. ಬೀದರ್‌ನಲ್ಲಿ ಬಹಮನಿಗಳು ನೆಲದಡಿ ಸುರಂಗ ಕೊರೆದು ಕರೇಜ್ ಮೂಲಕ ನೀರು ಹರಿಸಿದರು. ವಿಜಯಪುರದ ಆದಿಲ್ ಷಾಹಿಗಳು ತೊರವಿಯಿಂದಲೂ ಬೇಗಂ ತಲಾಬ್‌ನಿಂದಲೂ ಊರಿಗೆ ನೀರು ತಂದರು. ಹೈದರಾಬಾದಿನದೂ ಅದೇ ಪರಂಪರೆ.

ಆದರೆ ಅರಸ ಕಟ್ಟಿಸಿದ ಕೆರೆ ಬೇರೆ, ಊರಿನ ದಿನನಿತ್ಯದ ಶುಚಿತ್ವ ಬೇರೆ. ಗಲ್ಲಿಯ ಕಸ ಯಾರು ಎತ್ತಬೇಕು, ಬಚ್ಚಲ ನೀರು ಎಲ್ಲಿಗೆ ಹೋಗಬೇಕು, ಸತ್ತ ದನ ಎಲ್ಲಿ ಹೂಳಬೇಕು? ಇವಕ್ಕೆ ಉತ್ತರ ಹೇಳಲು ಒಂದು ಕಚೇರಿ ಬೇಕು. 1869ರಲ್ಲಿ ಮೊದಲನೆಯ ಸಾಲಾರ್ ಜಂಗ್ ದಿವಾನರಾಗಿದ್ದಾಗ ಊರಿನ ನೈರ್ಮಲ್ಯ ಮತ್ತು ರಸ್ತೆಗಳ ಉಸ್ತುವಾರಿಗೆ ಪ್ರತ್ಯೇಕ ಇಲಾಖೆ ಬಂತು. ಅದೇ ಹೈದರಾಬಾದಿನ ನಗರಸಭೆಯ ಬೀಜ. ಮುಂದೆ ನದಿಯ ಉತ್ತರಕ್ಕೆ ಚಾದರ್‌ಘಾಟ್ ಬೇರೆಯೇ ಮುನಿಸಿಪಾಲಿಟಿ ಆಯಿತು.

ಇಲಾಖೆ ಬಂದರೂ ಬಡವರ ಮೊಹಲ್ಲಾಗಳ ಪಾಡು ಬದಲಾಗಲಿಲ್ಲ. ಅಂಗಳದ ಬಾವಿ, ಅದರ ಪಕ್ಕದಲ್ಲೇ ಪಾಯಖಾನೆ, ಮನೆ ಮುಂದೆ ತೆರೆದ ಮೋರಿ. ಮಳೆಗಾಲದಲ್ಲಿ ಮೋರಿಯ ನೀರು ಬಾವಿಗೆ ಇಳಿದರೆ ಕಾಲರಾ ಬಂತು ಅಂತಲೇ ಲೆಕ್ಕ. ನಿಂತ ನೀರಿನಲ್ಲಿ ಸೊಳ್ಳೆ. ಸೊಳ್ಳೆಯೊಳಗೆ ಮಲೇರಿಯಾ ಪರಾವಲಂಬಿ ಬೆಳೆಯುವುದನ್ನು ರೊನಾಲ್ಡ್ ರಾಸ್ ಕಂಡುಹಿಡಿದದ್ದು ಇದೇ ಅವಳಿ ನಗರದಲ್ಲಿ, ಸಿಕಂದರಾಬಾದಿನ ದಂಡು ಪ್ರದೇಶದಲ್ಲಿ, 1897ರ ಆಗಸ್ಟ್ 20ರಂದು. 1902ರಲ್ಲಿ ಅವರಿಗೆ ನೊಬೆಲ್ ಬಂತು. ವಿಜ್ಞಾನ ಮುಂದೆ ಓಡಿತು, ಗಲ್ಲಿಯ ಮೋರಿ ಇದ್ದಲ್ಲೇ ಇತ್ತು.

ಆ ರಾತ್ರಿ

1908ರ ಸೆಪ್ಟೆಂಬರ್ ಕೊನೆಯ ವಾರ ಮಳೆ ಹಿಡಿಯಿತು. ಶಂಶಾಬಾದಿನಲ್ಲಿ 24 ಗಂಟೆಯಲ್ಲಿ 12.8 ಅಂಗುಲ ಮಳೆ ದಾಖಲಾಯಿತು. ಮೂಸಿಗೂ ಅದರ ಉಪನದಿ ಈಸಿಗೂ ನೀರು ಕೊಡುವ ಪ್ರದೇಶದಲ್ಲಿ 788 ಸಣ್ಣಪುಟ್ಟ ಕೆರೆಗಳಿದ್ದವು, ಹೆಚ್ಚುಕಡಿಮೆ ಚದರ ಮೈಲಿಗೆ ಒಂದು. ಮೇಲಿನ ಕೆರೆ ಒಡೆದರೆ ಅದರ ನೀರೂ ಮಳೆಯ ನೀರೂ ಸೇರಿ ಕೆಳಗಿನ ಕೆರೆಯ ಏರಿಗೆ ಬಡಿಯುತ್ತದೆ. ಅದೂ ಒಡೆಯುತ್ತದೆ. ಹೀಗೆ ಒಂದರ ಹಿಂದೆ ಒಂದು 221 ಕೆರೆಗಳು ಒಡೆದವು. ಆ ಎಲ್ಲ ನೀರು ನಿದ್ದೆಯಲ್ಲಿದ್ದ ಊರಿನ ಮೇಲೆ ಬಂತು.

ಸೆಪ್ಟೆಂಬರ್ 28ರಂದು ಅಫ್ಜಲ್ ಸೇತುವೆ, ಮುಸಲ್ಲಂ ಜಂಗ್ ಸೇತುವೆ, ಚಾದರ್‌ಘಾಟ್ ಸೇತುವೆ ಮೂರೂ ಹೋದವು. ಕುತುಬ್ ಷಾಹಿಗಳು 1578ರಲ್ಲಿ ಕಟ್ಟಿದ ಪುರಾನಾ ಪುಲ್ ಒಂದೇ ಎರಡು ದಂಡೆಗಳ ನಡುವೆ ಉಳಿದದ್ದು. ಸತ್ತವರು ಸುಮಾರು 15,000 ಎಂದು ಅಂದಾಜು. ಸುಮಾರು 80,000 ಜನಕ್ಕೆ ಮನೆ ಇಲ್ಲದಾಯಿತು, ಅಂದರೆ ಊರಿನ ಕಾಲು ಭಾಗದಷ್ಟು ಮಂದಿಗೆ. ನದಿ ದಂಡೆಯ ಮಣ್ಣಿನ ಮನೆಗಳಲ್ಲಿ ಇದ್ದವರು ಯಾರೆಂದು ಬೇರೆ ಹೇಳಬೇಕಿಲ್ಲ.

ಉರ್ದು ಕವಿ ಅಮ್ಜದ್ ಹೈದರಾಬಾದಿ ಆ ದಿನ ತಾಯಿ, ಹೆಂಡತಿ, ಮಗಳು ಮೂವರನ್ನೂ ಕಣ್ಣೆದುರೇ ಕಳೆದುಕೊಂಡರು. ತಾವೊಬ್ಬರೇ ಬದುಕಿ ಉಳಿದರು. ಆ ದುಃಖ ಅವರ ಕಾವ್ಯದಲ್ಲಿ ಕಡೆಯವರೆಗೂ ಇತ್ತು. 15,000 ಅನ್ನುವ ಅಂಕಿಯನ್ನು ನಾವು ಸುಲಭವಾಗಿ ಓದಿ ದಾಟುತ್ತೇವೆ. ಅದರೊಳಗೆ ಇಂಥ ಎಷ್ಟು ಮನೆಗಳಿದ್ದವೋ.

ಆರನೆಯ ನಿಜಾಮ ಮೀರ್ ಮಹಬೂಬ್ ಅಲಿ ಖಾನ್ ಊಟದ ಕೇಂದ್ರಗಳನ್ನು ತೆರೆಸಿದರು, ನಿರಾಶ್ರಿತರಿಗೆ ಅರಮನೆಗಳ ಬಾಗಿಲು ತೆಗೆಸಿದರು. ಹಿಂದೂ ಪುರೋಹಿತರ ಮಾತು ಕೇಳಿ ಅವರು ನದಿಗೆ ಆರತಿ ಎತ್ತಿದರು ಎಂಬ ಕಥೆಯನ್ನು ಹಳೇ ನಗರದಲ್ಲಿ ಇವತ್ತಿಗೂ ಹೇಳುತ್ತಾರೆ. ಸರೋಜಿನಿ ನಾಯ್ಡು ಅವರಂಥವರು ಪರಿಹಾರದ ಕೆಲಸಕ್ಕೆ ಇಳಿದರು. ಹಸಿದವರಿಗೆ ಅನ್ನ ಕೊಡುವುದು ನಮ್ಮ ನೆಲಕ್ಕೆ ಹೊಸದಲ್ಲ. ಹೊಸದಾಗಿದ್ದು ಅದರ ಮುಂದಿನ ಪ್ರಶ್ನೆ: ಮುಂದಿನ ಸಲ ಹೀಗಾಗದಂತೆ ಏನು ಮಾಡಬೇಕು?

ಕರ್ನಾಟಕದಿಂದ ಬಂದ ಇಂಜಿನಿಯರ್

ಆ ಪ್ರಶ್ನೆಗೆ ಉತ್ತರ ಹುಡುಕಲು ನಿಜಾಮ ಸರ್ಕಾರ ಕರೆಸಿದ್ದು ಮೋಕ್ಷಗುಂಡಂ ವಿಶ್ವೇಶ್ವರಯ್ಯನವರನ್ನು. ಆಗ ಅವರು ಮುಂಬೈ ಸರ್ಕಾರದ ನೌಕರಿ ಬಿಟ್ಟು ಯುರೋಪ್ ಪ್ರವಾಸದಲ್ಲಿದ್ದರು. 1909ರ ಏಪ್ರಿಲ್‌ನಲ್ಲಿ ಹೈದರಾಬಾದಿಗೆ ಬಂದು, ಅಕ್ಟೋಬರ್ ಹೊತ್ತಿಗೆ ವರದಿ ಕೊಟ್ಟರು. ಮೈಸೂರಿನ ಮುಖ್ಯ ಇಂಜಿನಿಯರ್ ಆಗಿ ಅವರು ಹೋದದ್ದು ಅದರ ಮುಂದಿನ ತಿಂಗಳು. ಕನ್ನಂಬಾಡಿ ಕಟ್ಟೆಯ ಹೆಸರಿನಲ್ಲಿ ನಾವು ನೆನೆಯುವ ವಿಶ್ವೇಶ್ವರಯ್ಯನವರು ಅದಕ್ಕೂ ಮೊದಲು ಹೈದರಾಬಾದಿನ ಕೆಸರಿನಲ್ಲಿ ಅಳತೆ ಪಟ್ಟಿ ಹಿಡಿದು ನಡೆದಿದ್ದರು.

ಅವರ ಕೆಲಸದ ರೀತಿ ನೋಡಿ. ಮೊದಲು ಮಳೆಯ ಲೆಕ್ಕ, ಆಮೇಲೆ ಕೆರೆಗಳ ಲೆಕ್ಕ, ಯಾವ ಏರಿ ಯಾಕೆ ಒಡೆಯಿತು ಎಂಬ ಲೆಕ್ಕ. ಅದಾದ ಮೇಲೆ ಪರಿಹಾರ. ನಗರದೊಳಗೆ ಎತ್ತರದ ಗೋಡೆ ಕಟ್ಟಿ ನದಿಯನ್ನು ತಡೆಯುವುದಷ್ಟೇ ಸಾಲದು. ನೀರನ್ನು ನಗರಕ್ಕೆ ಬರುವ ಮೊದಲೇ, ಮೇಲ್ಭಾಗದಲ್ಲೇ ಹಿಡಿದು ಬಿಗಿಹಿಡಿತದಲ್ಲಿ ಬಿಡಬೇಕು. ಅದಕ್ಕೆ ಮೂಸಿಗೆ ಒಂದು, ಈಸಿಗೆ ಒಂದು, ಎರಡು ಜಲಾಶಯ. ನಗರದೊಳಗೆ ನದಿ ದಂಡೆಯನ್ನು ಎತ್ತರಿಸಿ ಅಲ್ಲಿ ಉದ್ಯಾನ, ರಸ್ತೆ. ಜೊತೆಗೆ ಊರಿಗೆಲ್ಲ ಮುಚ್ಚಿದ ಒಳಚರಂಡಿ.

ಇದರಲ್ಲಿ ಒಂದು ಜಾಣತನ ಇದೆ. ಪ್ರವಾಹ ತಡೆಯುವ ಕೆರೆಯೇ ಕುಡಿಯುವ ನೀರಿನ ಕೆರೆಯೂ ಆಯಿತು. ಜಲಾಶಯ ಊರಿಗಿಂತ ಎತ್ತರದಲ್ಲಿರುವುದರಿಂದ ನೀರು ತಾನಾಗಿಯೇ ಇಳಿದು ಬರುತ್ತದೆ. ಕೊಳವೆಯಲ್ಲಿ ಶುದ್ಧ ನೀರು ಬಂದರೆ ಮೋರಿ ಪಕ್ಕದ ಬಾವಿಯನ್ನು ನಂಬಿಕೊಂಡು ಇರಬೇಕಿಲ್ಲ. ಕೊಳಚೆ ನೆಲದಡಿ ಹೋದರೆ ನೊಣವೂ ಕಡಿಮೆ, ಸೊಳ್ಳೆಯೂ ಕಡಿಮೆ. ಅಂದ್ರೆ ಪ್ರವಾಹ, ಕಾಲರಾ, ಮಲೇರಿಯಾ ಮೂರನ್ನೂ ಒಂದೇ ಯೋಜನೆಯಲ್ಲಿ ಕಂಡಂತಾಯಿತು. ವೈದ್ಯರು ಔಷಧಿ ಬರೆಯುವ ಮೊದಲೇ ಇಂಜಿನಿಯರ್ ರೋಗ ತಡೆಯಬಹುದು ಎಂಬುದು ಇಲ್ಲಿನ ಪಾಠ.

1911ರಲ್ಲಿ ಮಹಬೂಬ್ ಅಲಿ ಖಾನ್ ತೀರಿಕೊಂಡರು. ಅವರ ಮಗ ಮೀರ್ ಉಸ್ಮಾನ್ ಅಲಿ ಖಾನ್ ಕೆಲಸ ಮುಂದುವರಿಸಿದರು. ಗಂಡಿಪೇಟೆಯ ಉಸ್ಮಾನ್ ಸಾಗರ್ 1920ರಲ್ಲಿ, ಹಿಮಾಯತ್ ಸಾಗರ್ 1927ರಲ್ಲಿ ಮುಗಿದವು. ಮೊದಲನೆಯದು ಸುಮಾರು 3.9 ಟಿಎಂಸಿ, ಎರಡನೆಯದು ಸುಮಾರು 2.97 ಟಿಎಂಸಿ ನೀರು ಹಿಡಿಯುತ್ತದೆ. ಈ ಕಾಲದ ನೀರಿನ ಕೆಲಸಗಳಲ್ಲಿ ಹೈದರಾಬಾದಿನವರೇ ಆದ ಇಂಜಿನಿಯರ್ ಅಲಿ ನವಾಜ್ ಜಂಗ್ ಬಹಾದ್ದೂರ್ ಅವರ ಹೆಸರು ದೊಡ್ಡದು. ವಿಶ್ವೇಶ್ವರಯ್ಯನವರು ಹುಟ್ಟಿದ ಸೆಪ್ಟೆಂಬರ್ 15ನ್ನು ದೇಶ ಇಂಜಿನಿಯರುಗಳ ದಿನವಾಗಿ ಆಚರಿಸಿದರೆ, ಅಲಿ ನವಾಜ್ ಜಂಗ್ ಹುಟ್ಟಿದ ಜುಲೈ 11ನ್ನು ತೆಲಂಗಾಣ ಹಾಗೆಯೇ ಆಚರಿಸುತ್ತದೆ. ನಮ್ಮ ಹುಡುಗ ಹುಡುಗಿಯರಿಗೆ ಮೊದಲ ಹೆಸರು ಗೊತ್ತು. ಎರಡನೆಯ ಹೆಸರೂ ಗೊತ್ತಿರಬೇಕು.

ಪ್ಲೇಗು ಮತ್ತು ಎರಡು ದಾರಿಗಳು

ಪ್ರವಾಹದ ಗಾಯ ಮಾಯುವ ಮೊದಲೇ, 1911ರಲ್ಲಿ, ಊರಿಗೆ ಪ್ಲೇಗು ಬಂತು. ಪ್ಲೇಗು ಇಲಿಯ ಚಿಗಟದಿಂದ ಹರಡುವ ರೋಗ. ಇಕ್ಕಟ್ಟಾದ, ಗಾಳಿ ಬೆಳಕಿಲ್ಲದ, ದವಸಧಾನ್ಯದ ಗೋದಾಮಿಗೆ ಅಂಟಿಕೊಂಡ ಮನೆಗಳಲ್ಲಿ ಇಲಿಗೆ ಸುಖ, ಮನುಷ್ಯನಿಗೆ ಸಾವು.

ಈ ರೋಗವನ್ನು ನಗರಾಡಳಿತ ಹೇಗೆ ಎದುರಿಸಬಾರದು ಎಂಬುದಕ್ಕೆ ಮುಂಬೈ, ಪುಣೆಯ ಉದಾಹರಣೆ ಕಣ್ಣ ಮುಂದಿತ್ತು. 1896ರಲ್ಲಿ ಮುಂಬೈಯ ಮಾಂಡ್ವಿಯಲ್ಲಿ ಪ್ಲೇಗು ಕಾಣಿಸಿತು. 1897ರಲ್ಲಿ ಬ್ರಿಟಿಷ್ ಸರ್ಕಾರ ಸಾಂಕ್ರಾಮಿಕ ರೋಗಗಳ ಕಾಯಿದೆ ತಂದು ಮನೆ ಮನೆಗೆ ನುಗ್ಗಿ ಶೋಧ ಮಾಡುವ ಅಧಿಕಾರ ಪಡೆಯಿತು. ಹೆಣ್ಣುಮಕ್ಕಳನ್ನು ಪರೀಕ್ಷೆ ಮಾಡುವುದು, ರೋಗಿಯನ್ನು ಎಳೆದೊಯ್ಯುವುದು, ಸಾಮಾನು ಸುಡುವುದು. ಪುಣೆಯಲ್ಲಿ ಸೈನಿಕರೇ ಈ ಕೆಲಸಕ್ಕೆ ಇಳಿದರು. ಅಲ್ಲಿನ ಪ್ಲೇಗು ಅಧಿಕಾರಿ ರ್‍ಯಾಂಡ್‌ನನ್ನು 1897ರ ಜೂನ್ 22ರಂದು ಚಾಪೇಕರ್ ಸಹೋದರರು ಗುಂಡಿಕ್ಕಿದರು. 1898ರ ಮಾರ್ಚ್‌ನಲ್ಲಿ ಮುಂಬೈಯ ಮದನ್‌ಪುರಾದಲ್ಲಿ ಜುಲಾಹ ನೇಕಾರರು ದಂಗೆ ಎದ್ದರು. ಅಲ್ಲಿ ಕಾಯಿಲೆಯ ಹುಡುಗಿಯೊಬ್ಬಳನ್ನು ಪ್ಲೇಗು ಸಿಬ್ಬಂದಿ ಪರೀಕ್ಷಿಸಲು ಹೋದದ್ದೇ ಕಿಡಿಯಾಯಿತು. ಆ ಜನ ಔಷಧಿಯ ವೈರಿಗಳಾಗಿರಲಿಲ್ಲ. ತಮ್ಮ ಮನೆಯ ಮರ್ಯಾದೆಗೆ ಬೆಲೆ ಇಲ್ಲ ಎಂದು ಅವರಿಗೆ ಅನಿಸಿತ್ತು.

ಅದೇ ಮುಂಬೈಯಲ್ಲಿ ಇನ್ನೊಂದು ದಾರಿಯೂ ಕಂಡಿತು. ಹಾಫ್‌ಕಿನ್ ಎಂಬ ವಿಜ್ಞಾನಿ ಪ್ಲೇಗಿಗೆ ಲಸಿಕೆ ತಯಾರಿಸಿ 1897ರ ಜನವರಿ 10ರಂದು ಮೊದಲು ತನಗೇ ಚುಚ್ಚಿಕೊಂಡ. ಜನ ಹೆದರಿ ದೂರ ನಿಂತಾಗ ಯುವಕರಾಗಿದ್ದ ಮೂರನೆಯ ಆಗಾಖಾನ್ ತಮ್ಮ ಜನರೆದುರೇ ಲಸಿಕೆ ಹಾಕಿಸಿಕೊಂಡು ತೋರಿಸಿದರು. ಪೊಲೀಸರ ಲಾಠಿ ಮಾಡಲಾಗದ್ದನ್ನು ನಂಬಿಕೆಯ ಒಬ್ಬ ವ್ಯಕ್ತಿ ಮಾಡಬಹುದು. ಕೋವಿಡ್ ಕಾಲದಲ್ಲಿ ನಮ್ಮ ಮೊಹಲ್ಲಾಗಳಲ್ಲಿ ಲಸಿಕೆಯ ಬಗ್ಗೆ ಗಾಳಿಮಾತು ಹಬ್ಬಿದಾಗಲೂ ಮಸೀದಿಯ ಇಮಾಮರು, ಪರಿಚಯದ ಡಾಕ್ಟರು, ಆಶಾ ಕಾರ್ಯಕರ್ತೆಯರು ಹೇಳಿದ ಮಾತೇ ಜನರಿಗೆ ನಾಟಿದ್ದು.

ಮುಂಬೈಯಲ್ಲಿ 1898ರಲ್ಲಿ ನಗರ ಸುಧಾರಣಾ ಟ್ರಸ್ಟ್ ಬಂತು. ಅದು ಅಗಲವಾದ ರಸ್ತೆಗಳನ್ನು ತೆಗೆಯಿತು, ಕೊಳಕು ಚಾಳುಗಳನ್ನು ಕೆಡವಿತು. ಆದರೆ ಕೆಡವಿದಷ್ಟು ಬೇಗ ಬಡವರಿಗೆ ಮನೆ ಕಟ್ಟಲಿಲ್ಲ. ಹೊರಬಿದ್ದವರು ಪಕ್ಕದ ಚಾಳಿನಲ್ಲಿ ಇನ್ನಷ್ಟು ಇಕ್ಕಟ್ಟಾಗಿ ತುಂಬಿಕೊಂಡರು. ಭಾರತದ ಅನೇಕ ನಗರಗಳನ್ನು ಸುತ್ತಿದ ನಗರ ಯೋಜಕ ಪ್ಯಾಟ್ರಿಕ್ ಗೆಡ್ಡಿಸ್ ಇದನ್ನೇ ಎತ್ತಿ ಹೇಳುತ್ತಿದ್ದರು. ಬಡವರ ಮನೆ ಕೆಡವಿದರೆ ಕೊಳೆಗೇರಿ ಹೋಗುವುದಿಲ್ಲ, ಜಾಗ ಬದಲಿಸುತ್ತದೆ ಅಷ್ಟೆ ಎಂಬುದು ಅವರ ವಾದದ ಸಾರ.

ಕನ್ನಡನಾಡಿನಲ್ಲೂ ಇದೇ ಕಾಲದಲ್ಲಿ ಇದೇ ಯೋಚನೆ ನಡೆದಿತ್ತು. 1898ರ ಪ್ಲೇಗಿನ ಹಿನ್ನೆಲೆಯಲ್ಲೇ ಬೆಂಗಳೂರಿನಲ್ಲಿ ಬಸವನಗುಡಿ, ಮಲ್ಲೇಶ್ವರ ಬೆಳೆದವು. ಮೈಸೂರಿನಲ್ಲಿ 1903ರಲ್ಲಿ ನಗರ ಸುಧಾರಣಾ ಮಂಡಳಿ ಬಂತು.

ಹೈದರಾಬಾದಿನ ನಗರ ಸುಧಾರಣಾ ಮಂಡಳಿ ಶುರುವಾದದ್ದು 1912ರಲ್ಲಿ. ಮುಂದೆ ನಿಜಾಮರ ಮಗ ಮೊಅಜ್ಜಮ್ ಜಾಹ್ ಅದರ ಅಧ್ಯಕ್ಷರಾದರು. ಪತ್ತರ್‌ಗಟ್ಟಿಯ ಕಲ್ಲಿನ ಅಂಗಡಿ ಸಾಲು, ಅವರ ಹೆಸರಿನ ಮೊಅಜ್ಜಮ್ ಜಾಹಿ ಮಾರ್ಕೆಟ್, ನದಿ ದಂಡೆಯ ಉದ್ಯಾನ, ಹೊಸ ರಸ್ತೆಗಳು ಆ ಕಾಲದವು. ಅದಕ್ಕಿಂತ ಮುಖ್ಯವಾದದ್ದು ಪ್ರವಾಸಿಗರ ಫೋಟೋದಲ್ಲಿ ಬರುವುದಿಲ್ಲ. ಕೊಳಕು ಮೊಹಲ್ಲಾ ತೆಗೆದ ಕಡೆ ಗಾಳಿ ಬೆಳಕಿರುವ ಸಣ್ಣ ಮನೆಗಳನ್ನು ಕಟ್ಟಿ ಬಡವರಿಗೆ ಬಾಡಿಗೆಗೆ ಕೊಡುವುದೂ ಮಂಡಳಿಯ ಕೆಲಸದ ಭಾಗವಾಗಿತ್ತು. 1920ರ ದಶಕದಲ್ಲಿ ವಿಶ್ವೇಶ್ವರಯ್ಯನವರು ಮತ್ತೆ ಬಂದು ಒಳಚರಂಡಿಯ ಕೆಲಸಕ್ಕೆ ಸಲಹೆ ಕೊಟ್ಟರು. 1925ರಲ್ಲಿ ವಿನ್ಸೆಂಟ್ ಎಶ್ ವಿನ್ಯಾಸದ ಉಸ್ಮಾನಿಯಾ ದವಾಖಾನೆಯ ದೊಡ್ಡ ಕಟ್ಟಡ ನದಿ ದಂಡೆಯಲ್ಲೇ ಎದ್ದಿತು. ಜನ ಮರ ಹತ್ತಿ ಜೀವ ಹಿಡಿದುಕೊಂಡಿದ್ದ ಜಾಗದಲ್ಲೇ ಜೀವ ಉಳಿಸುವ ಮನೆ ಬಂತು.

ಹೊಗಳಿಕೆಗೆ ಒಂದು ಮಿತಿ

ಇಷ್ಟು ಓದಿ "ನಮ್ಮ ನಿಜಾಮರ ಕಾಲವೇ ಚಿನ್ನದ ಕಾಲ" ಎಂದು ಎದೆ ಉಬ್ಬಿಸಿದರೆ ಅದು ಇತಿಹಾಸ ಆಗುವುದಿಲ್ಲ. ಈ ಎಲ್ಲ ಕೆಲಸ ನಡೆದದ್ದು ಅರಸನ ಫರ್ಮಾನಿನಿಂದ. ಮನೆ ಕಳೆದುಕೊಂಡವನು ಹೋಗಿ ಕೇಳಲು ಅವನ ಓಟಿನಿಂದ ಗೆದ್ದ ಸದಸ್ಯ ಇರಲಿಲ್ಲ. ಚಾದರ್‌ಘಾಟನ್ನು ಸೇರಿಸಿ ಹೈದರಾಬಾದ್ ಕಾರ್ಪೊರೇಷನ್ ಆದದ್ದು 1933ರಲ್ಲಿ, ಅದಕ್ಕೆ ಚುನಾವಣೆ ಬಂದದ್ದು 1934ರಲ್ಲಿ. ಓಟೂ ಎಲ್ಲರಿಗೂ ಇರಲಿಲ್ಲ.

ಇನ್ನೊಂದು ಮಾತು ನಮ್ಮ ಕಡೆಯವರಿಗೆ ನೋವಿನದು. ರಾಜಧಾನಿಗೆ ಕೊಳವೆ ನೀರು, ಒಳಚರಂಡಿ, ದೊಡ್ಡ ದವಾಖಾನೆ ಬಂದಾಗ ಅದೇ ರಾಜ್ಯದ ಕನ್ನಡ ಜಿಲ್ಲೆಗಳಿಗೆ ಅದರ ಸಣ್ಣ ಪಾಲೂ ಬರಲಿಲ್ಲ. ರಾಯಚೂರಿನ ಹಳ್ಳಿಯ ತಾಯಿ ಹೆರಿಗೆ ಕಷ್ಟವಾದರೆ ಹೈದರಾಬಾದ್ ದಾರಿ ನೋಡಬೇಕಿತ್ತು. ಈ ಲೇಖನದ ಮೊದಲಲ್ಲಿ ಹೇಳಿದ "ಹೈದರಾಬಾದಿಗೆ ಕರ್ಕೊಂಡು ಹೋಗ್ರಿ" ಎಂಬ ಮಾತು ಒಂದು ಕಡೆ ಆ ನಗರದ ಹೆಮ್ಮೆ. ಇನ್ನೊಂದು ಕಡೆ ಅದು ನಮ್ಮೂರಿನ ಕೊರತೆಯ ಸಾಕ್ಷಿ.

ಮರೆವಿನ ಬೆಲೆ

ಎರಡು ಜಲಾಶಯಗಳು ದಶಕಗಳ ಕಾಲ ಊರನ್ನು ಕಾದವು. ಕಾದದ್ದರಿಂದಲೇ ಜನ ಭಯ ಮರೆತರು. ಕೆರೆಗಳ ಅಂಗಳದಲ್ಲಿ ಲೇಔಟು ಬಂತು. ಒಂದು ಕೆರೆಯಿಂದ ಇನ್ನೊಂದಕ್ಕೆ ನೀರು ಒಯ್ಯುವ ನಾಲಾಗಳ ಮೇಲೆ ಮನೆ, ಅಂಗಡಿ ಬಂದವು. ಒಳಚರಂಡಿ ಹೋಗದ ಹೊಸ ಬಡಾವಣೆಗಳ ಕೊಳಚೆ ಮೂಸಿಗೆ ಇಳಿಯಿತು. ಕುಡಿಯುವ ನೀರಿನ ಕೆರೆಗಳನ್ನು ಉಳಿಸಲು 1996ರಲ್ಲಿ 111ನೇ ಸರ್ಕಾರಿ ಆದೇಶ ಬಂತು. ಎರಡೂ ಜಲಾಶಯಗಳ ಸುತ್ತ 10 ಕಿಲೋಮೀಟರ್ ಒಳಗೆ, 84 ಹಳ್ಳಿಗಳಲ್ಲಿ, ಮಾಲಿನ್ಯ ಮಾಡುವ ಕಾರ್ಖಾನೆ, ದೊಡ್ಡ ಹೋಟೆಲು, ಬಡಾವಣೆಗಳಿಗೆ ತಡೆ ಹಾಕಿತು. 2022ರ ಏಪ್ರಿಲ್‌ನಲ್ಲಿ ಆ ನಿರ್ಬಂಧ ತೆಗೆಯುವ ಆದೇಶ ಹೊರಟಿತು. ನಗರಕ್ಕೆ ಈಗ ಕೃಷ್ಣಾ, ಗೋದಾವರಿಯಿಂದ ನೀರು ಬರುತ್ತದೆ, ಈ ಕೆರೆಗಳ ಅವಶ್ಯಕತೆ ಅಷ್ಟಿಲ್ಲ ಎಂಬುದು ಅದರ ಹಿಂದಿನ ವಾದ. ಆದರೆ ಆ ಕೆರೆಗಳನ್ನು ಕಟ್ಟಿದ್ದು ಕುಡಿಯುವ ನೀರಿಗೆ ಮಾತ್ರ ಅಲ್ಲವಲ್ಲ.

2000ದ ಆಗಸ್ಟ್‌ನಲ್ಲಿ ನಗರ ಮುಳುಗಿತು. 2020ರ ಅಕ್ಟೋಬರ್‌ನಲ್ಲಿ ಮತ್ತೆ ಮುಳುಗಿತು, ಹಲವರು ಜೀವ ಕಳೆದುಕೊಂಡರು. ಮೂಸಿ ದಂಡೆಯ ಮೊಹಲ್ಲಾಗಳಲ್ಲಿ ಸೊಂಟದ ತನಕ ನೀರು. ನೀರು ಇಳಿದ ಮೇಲೆ ಉಳಿಯುವುದು ಕೆಸರು, ಜ್ವರ, ಭೇದಿ. 1908ರಲ್ಲಿ ಅಲ್ಲಿ ಇದ್ದವರೂ ಕೂಲಿಕಾರರು, ಈಗ ಇರುವವರೂ ಕೂಲಿಕಾರರು, ಆಟೋ ಓಡಿಸುವವರು, ಮನೆಗೆಲಸದ ಹೆಂಗಸರು.

2024ರಲ್ಲಿ ಮೂಸಿ ದಂಡೆಯನ್ನು ಸುಧಾರಿಸುವ ಯೋಜನೆಗಾಗಿ ಅಲ್ಲಿನ ಮನೆಗಳ ಮೇಲೆ ಗುರುತು ಹಾಕಿದಾಗ ದೊಡ್ಡ ಗಲಾಟೆಯೇ ಆಯಿತು. ಒಂದು ಕಡೆಯವರು ನದಿ ಸ್ವಚ್ಛ ಆಗಬೇಕು ಅಂದರು, ಇನ್ನೊಂದು ಕಡೆಯವರು ನಾವು ಎಲ್ಲಿಗೆ ಹೋಗಬೇಕು ಅಂದರು. ಎರಡೂ ನಿಜ. ನದಿ ಪಾತ್ರದಲ್ಲಿ ಮನೆ ಇರುವುದು ಅಪಾಯ, ಅದನ್ನು ಹುಣಸೆ ಮರವೇ ಹೇಳುತ್ತದೆ. ಹಾಗಂತ ಕೂಲಿ ಸಿಗುವ ಜಾಗದಿಂದ, ಮಕ್ಕಳ ಶಾಲೆಯಿಂದ ದೂರ ಎಸೆದರೆ ಅದೂ ಆರೋಗ್ಯಕ್ಕೆ ಅಪಾಯವೇ. ಹೊಟ್ಟೆಗೆ ಇಲ್ಲದವನಿಗೆ ಯಾವ ಆರೋಗ್ಯ? ಮದನ್‌ಪುರಾದ ನೇಕಾರರ ಸಿಟ್ಟು, ಮುಂಬೈ ಟ್ರಸ್ಟಿನ ತಪ್ಪು, ಗೆಡ್ಡಿಸ್ ಮಾತು ಇಲ್ಲಿಯೇ ನೆನಪಾಗಬೇಕು.

ನಾವು ಏನು ಮಾಡಬಹುದು?

ಈಗ ಫರ್ಮಾನಿನ ಕಾಲ ಅಲ್ಲ. 1992ರ 74ನೇ ಸಂವಿಧಾನ ತಿದ್ದುಪಡಿ 12ನೇ ಅನುಸೂಚಿಯಲ್ಲಿ ನಗರ ಸಂಸ್ಥೆಗಳಿಗೆ 18 ವಿಷಯಗಳನ್ನು ಪಟ್ಟಿ ಮಾಡಿದೆ. ನೀರು ಪೂರೈಕೆ, ಸಾರ್ವಜನಿಕ ಆರೋಗ್ಯ, ನೈರ್ಮಲ್ಯ, ಕಸ ವಿಲೇವಾರಿ, ಕೊಳೆಗೇರಿ ಸುಧಾರಣೆ ಎಲ್ಲ ಅದರಲ್ಲಿವೆ. 3 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನಸಂಖ್ಯೆಯ ನಗರಗಳಲ್ಲಿ ವಾರ್ಡ್ ಸಮಿತಿ ಇರಬೇಕು ಎಂದೂ ಸಂವಿಧಾನ ಹೇಳುತ್ತದೆ. ಹೈದರಾಬಾದ್ ಇರಲಿ, ಮುಂಬೈ, ಪುಣೆ, ಚೆನ್ನೈ, ದೆಹಲಿ ಇರಲಿ, ನಾವು ಕನ್ನಡದವರು ಹೊಟ್ಟೆಪಾಡಿಗೆ ಬಂದು ನೆಲೆಸಿದ ಊರುಗಳಲ್ಲಿ ವಾರ್ಡಿನ ಕಚೇರಿ ಎಲ್ಲಿದೆ ಎಂದು ಎಷ್ಟು ಜನಕ್ಕೆ ಗೊತ್ತು? "ನಾವು ಹೊರಗಿನವರು, ನಮಗ್ಯಾಕೆ" ಎಂದುಕೊಂಡರೆ ಮೋರಿಯ ನೀರು ಹೊರಗಿನವರು ಒಳಗಿನವರು ಎಂದು ನೋಡಿ ಹರಿಯುವುದಿಲ್ಲ.

ವಿದ್ಯಾರ್ಥಿಗಳಿಗೆ ಒಂದು ಸಣ್ಣ ಕೆಲಸ ಹೇಳುತ್ತೇನೆ. ನಿಮ್ಮ ಮೊಹಲ್ಲಾದ ನಲ್ಲಿಗೆ ನೀರು ಎಲ್ಲಿಂದ ಬರುತ್ತದೆ, ಬಚ್ಚಲ ನೀರು ಎಲ್ಲಿಗೆ ಹೋಗುತ್ತದೆ, ಮಳೆ ಬಂದರೆ ಯಾವ ಗಲ್ಲಿ ಮೊದಲು ಮುಳುಗುತ್ತದೆ? ಈ ಮೂರನ್ನು ಒಂದು ಕಾಗದದಲ್ಲಿ ಬರೆಯಿರಿ. ಹಿರಿಯರನ್ನು ಕೇಳಿ, ಆ ಗಲ್ಲಿ ಇರುವ ಕಡೆ ಹಿಂದೆ ಕೆರೆ ಇತ್ತೋ ನಾಲಾ ಇತ್ತೋ ತಿಳಿಯಿರಿ. ವಿಶ್ವೇಶ್ವರಯ್ಯನವರು 1909ರಲ್ಲಿ ಶುರು ಮಾಡಿದ್ದೂ ಇಂಥ ಲೆಕ್ಕದಿಂದಲೇ. ಆ ಕಾಗದ ಹಿಡಿದು ನಾಲ್ಕು ಮನೆಯವರು ಒಟ್ಟಾಗಿ ವಾರ್ಡ್ ಸದಸ್ಯರ ಬಳಿ ಹೋದರೆ ಅದು ಬರೀ ದೂರು ಅನಿಸುವುದಿಲ್ಲ, ಕೇಳುವವರು ತಳ್ಳಿಹಾಕುವುದೂ ಕಷ್ಟ.

ಮುಂದಿನ ಸಲ ಊರಿನಿಂದ ಯಾರನ್ನಾದರೂ ಉಸ್ಮಾನಿಯಾಕ್ಕೆ ಕರೆದುಕೊಂಡು ಹೋದಾಗ, ಚೀಟಿ ಮಾಡಿಸಿ ಸರದಿಗೆ ಕಾಯುವ ಹೊತ್ತಿನಲ್ಲಿ, ಆ ಹುಣಸೆ ಮರದ ಹತ್ತಿರ ಒಮ್ಮೆ ಹೋಗಿ ಬನ್ನಿ. ಜೊತೆಗಿರುವ ಮಕ್ಕಳಿಗೆ ಆ ರಾತ್ರಿಯ ಕಥೆ ಹೇಳಿ. ಆ 150 ಜನಕ್ಕೆ ಮರ ಸಿಕ್ಕಿತು. ಉಳಿದ ಸಾವಿರಾರು ಜನಕ್ಕೆ ಮರ ಸಿಗಲಿಲ್ಲ. ಯಾರಿಗೂ ಮರ ಹತ್ತುವ ಗತಿ ಬರದಂತೆ ಮೊದಲೇ ಯೋಚಿಸುವುದೇ ನಗರಾಡಳಿತದ ಕೆಲಸ. ಅದನ್ನು ಅವರಿಗೆ ನೆನಪಿಸುತ್ತಾ ಇರುವುದು ನಮ್ಮ ಕೆಲಸ.